ಎಡಕ್ಕೆ ವಾಲಿದ ಕಾರು

"ಹೊಸ ಪಟ್ಟಿ ಅಂತ ಹೇಳಿ ನಂಗೇ ಟೋಪಿ ಹಾಕ್ದೆ ಕಣಯ್ಯ, ನೂರುಲ್ಲಾ."

ವೆಂಕಟರಾಮಪ್ಪನ ಅಂಬಾಸಿಡರ್ ಹಿಂಭಾಗದಲ್ಲಿ ಎಡಕ್ಕೆ ವಾಲಿ ನಿಂತಿತ್ತು. ಭಾರ ಹೊರುವ ಹಿಂದಿನ ಎರಡೂ ಕಮಾನು ಪಟ್ಟಿಗಳನ್ನು ಚಿಂತಾಮಣಿಯ ಮೆಕ್ಯಾನಿಕ್ ನೂರುಲ್ಲಾ ಹದಿನೈದು ದಿನದ ಕೆಳಗಷ್ಟೇ ಬದಲಿಸಿದ್ದ. ಅವತ್ತು ಕಾರು ನೆಟ್ಟಗೇ ಇತ್ತು. ಎರಡು ಮಳೆ ಬಿದ್ದ ಮೇಲೆ ಎಡಗಡೆ ಇಳಿಯತೊಡಗಿ, ದಿನದಿನಕ್ಕೂ ಇನ್ನಷ್ಟು ಇಳಿಯಿತು.

"ಹಳೇ ಪಟ್ಟಿ ಅಂತ ತೋರ್ಸಿ ಯಜಮಾನ್ರೇ. ಇವತ್ತೇ ಗ್ಯಾರೇಜಿಗೆ ಬೀಗ ಹಾಕ್ತೀನಿ" ಎಂದ ನೂರುಲ್ಲಾ.

ಬೀಗ ಬೀಳುವ ಕಾಲ ಹತ್ತಿರವೇ ಇತ್ತು. ಮುರುಗಮಲ್ಲದಿಂದ ಚಿಂತಾಮಣಿಯ ಟ್ಯಾಕ್ಸಿ ಸ್ಟ್ಯಾಂಡಿನವರೆಗೆ ನೂರುಲ್ಲಾ ಮೋಸಗಾರ ಎಂದು ವೆಂಕಟರಾಮಪ್ಪ ಸಾರಿಬಿಟ್ಟಿದ್ದ. ಟ್ಯಾಕ್ಸಿಯವರು ಆಗಲೇ ಬೇರೆ ಗ್ಯಾರೇಜಿನ ದಾರಿ ಹಿಡಿದಿದ್ದರು.

ಸಾಲದ್ದಕ್ಕೆ ಒಂದು ಹಟ. ಸರಿಯಾಗುವ ತನಕ ಕಾರು ಜಾಗ ಬಿಟ್ಟು ಕದಲುವುದಿಲ್ಲ, ನೂರುಲ್ಲಾನೇ ಊರಿಗೆ ಬಂದು ರಿಪೇರಿ ಮಾಡಬೇಕು. ಜಾಗವಾದರೂ ಎಂಥದ್ದು! ಬೀದಿಯಲ್ಲಿ ನಿಲ್ಲುತ್ತಿದ್ದ ಕಾರಿಗಾಗಿ ಹಿತ್ತಲಲ್ಲಿ ಹೊಸ ತಗಡಿನ ಶೆಡ್ ಎದ್ದಿತ್ತು, ನೆಲಕ್ಕೆ ದಪ್ಪ ಜಲ್ಲಿ ಬಿದ್ದಿತ್ತು. ಹೊಸ ಪಟ್ಟಿ ಹಾಕಿಸಿಕೊಂಡು ಬಂದ ದಿನವೇ ಪೂಜೆ ಮಾಡಿ ಕಾರನ್ನು ಒಳಗೆ ತಂದಿದ್ದ.

ನೂರುಲ್ಲಾ ಪಟ್ಟಿಗಳ ರಬ್ಬರ್ ಬುಷ್ ಬದಲಿಸಿದ. ಶಾಕ್ ಅಬ್ಸಾರ್ಬರ್ ಬಿಚ್ಚಿ ನೋಡಿದ. ಹಿತ್ತಲ ಗೋಡೆ ಕಡೆಯ ಬಲಚಕ್ರಕ್ಕೆ ಜಾಕಿ ಸಲೀಸಾಗಿ ನಿಂತಿತು. ಎಡಗಡೆ ಜಲ್ಲಿಯೊಳಗೇ ಇಳಿಯಿತು, ಅಡಿಗೆ ಹಲಗೆ ಕೊಡಬೇಕಾಯಿತು. ಕೊನೆಗೆ ಎಡದ ಪಟ್ಟಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ. ಪಟ್ಟಿ ಸೋತಿದ್ದರೆ ಕಾರು ಈಗ ಬಲಕ್ಕೆ ವಾಲಬೇಕು. ಜಾಕಿ ತೆಗೆದ. ಅದು ಎಡಕ್ಕೇ ವಾಲಿತು.

"ನೋಡಿ, ಪಟ್ಟಿ ತಪ್ಪಲ್ಲ."

"ಹಂಗಾದ್ರೆ ಎರಡೂ ಹಳೇವೇ."

ಇಂಥವನ ಹತ್ತಿರ ಏನು ಮಾತಾಡುವುದು? ಗೋಡೆಯಾಚೆಯಿಂದ ಒಂದು ಮುಖ ಮೇಲೆದ್ದಿತು. "ಬಗ್ಗಬೇಡ ಕಣಪ್ಪ ನೂರುಲ್ಲಾ. ಇವನ ಮುಂದೆ ಒಂದ್ಸಲ ಬಗ್ಗಿದ್ರೆ ಮುಗೀತು."

ಅವಳು ಚಿಕ್ಕವೆಂಕಟಮ್ಮ, ವೆಂಕಟರಾಮಪ್ಪನ ಸತ್ತ ಅಣ್ಣನ ಹೆಂಡತಿ. ಅಣ್ಣ ತಮ್ಮಂದಿರ ಆಸ್ತಿ ಪಾಲಿನಲ್ಲಿ ಹಿತ್ತಲ ಪಾಳುಬಾವಿಯೇ ಎಲ್ಲೆ. ಆಚೆಗಿನದು ಅಣ್ಣನಿಗೆ, ಈಚೆಗಿನದು ತಮ್ಮನಿಗೆ. ಹೋದ ವರ್ಷ ಅವಳು ಮಗಳ ಬಾಣಂತನಕ್ಕೆಂದು ನಗರಗೆರೆಗೆ ಹೋಗಿ ಬರುವಷ್ಟರಲ್ಲಿ ವೆಂಕಟರಾಮಪ್ಪ ಬಾವಿ ಮುಚ್ಚಿಸಿ, ಅದರ ಮೇಲೇ ಕಟ್ಟಿಸುತ್ತಿದ್ದೇನೆ ಎಂದು ಹೇಳಿ ಗೋಡೆ ಎಬ್ಬಿಸಿದ್ದ. ಗೋಡೆ ತನ್ನ ಪಾಲಿನೊಳಗೆ ಬಂದಿದೆ ಎಂದು ಅವಳು ಜಗಳಕ್ಕೆ ನಿಂತಳು. ಊರ ಹಿರಿಯ ಎರ್ರಪ್ಪ ವಿಚಾರಿಸಿದ. ಬಾವಿ ಎಲ್ಲಿತ್ತು ಎಂದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸಿದರು. ಗೋಡೆ ಉಳಿಯಿತು.

ಒಮ್ಮೆ ಗೆದ್ದವನಿಗೆ ಪಂಚಾಯ್ತಿಯೆಂದರೆ ಹಬ್ಬ. ವೆಂಕಟರಾಮಪ್ಪ ಈ ಸಲವೂ ಎರ್ರಪ್ಪನನ್ನು ಕರೆಸಿದ, ಜೊತೆಗೆ ಅರ್ಧ ಊರನ್ನು.

"ಮೋಸ ಮಾಡ್ದೆ ಅಂತ ಒಪ್ಕೊಂಡ್ಬಿಡು, ಇಲ್ಲಿಗೇ ಬಿಡ್ತೀನಿ" ಎಂದ.

"ಮಾಡದೇ ಇರೋದನ್ನ ಒಪ್ಪಲ್ಲ" ಎಂದ ನೂರುಲ್ಲಾ. "ಊರೇನು, ಜಿಲ್ಲೇನೇ ಕರೆಸಿ."

ವೆಂಕಟರಾಮಪ್ಪನ ನೆತ್ತಿಗೇರಿತು. ಹಟವೂ ಮರೆತುಹೋಯಿತು. "ತಳ್ಳ್ರೋ ಬೀದಿಗೆ. ಇವನ ಕೆಲಸ ಎಲ್ರೂ ನೋಡ್ಲಿ."

ಜನ ಕೈ ಕೊಟ್ಟರು. ಎಡಚಕ್ರ ಜಲ್ಲಿಯಿಂದ ಮೇಲೆ ಹತ್ತಲು ಒಲ್ಲೆನೆಂದಿತು. ಎಲ್ಲರೂ ಒಟ್ಟಾಗಿ ನೂಕಿ ಕಾರನ್ನು ಬೀದಿಗೆ ತಂದರು.

ಕಾರು ನೆಟ್ಟಗೆ ನಿಂತಿತು.

ಎರ್ರಪ್ಪ ಹಿಂದೆ ಕೂತು ಎರಡೂ ಚಕ್ರಗಳ ಮೇಲಿನ ಸಂದಿಗೆ ಗೇಣು ಹಾಕಿ ಅಳೆದ. "ಇದೇಮಿರಾ ವೆಂಕಟರಾಮಪ್ಪ, ಎರಡೂ ಕಡೆ ಒಂದೇ ಐತಲ್ಲೋ."

"ಇದನ್ನ ಟ್ಯಾಕ್ಸಿ ಸ್ಟ್ಯಾಂಡಲ್ಲೂ ಹೇಳ್ಬೇಕು ಯಜಮಾನ್ರೇ, ನಿಮ್ಮ ಬಾಯಲ್ಲೇ" ಎನ್ನುತ್ತ ನೂರುಲ್ಲಾ ವೆಂಕಟರಾಮಪ್ಪನ ಕಡೆ ತಿರುಗಿದ.

ಅವನು ಅಲ್ಲಿರಲಿಲ್ಲ. ಶೆಡ್ಡಿನೊಳಗೆ, ಎಡಚಕ್ರ ನಿಂತಿದ್ದ ಕಡೆ, ಕಾಲಿನಿಂದ ಗಡಿಬಿಡಿಯಲ್ಲಿ ಕುಳಿಗೆ ಜಲ್ಲಿ ಎಳೆದು ಮುಚ್ಚುತ್ತಿದ್ದ. ಹಿಂದೆಯೇ ಬಂದ ಎರ್ರಪ್ಪ ಅವನ ತೋಳು ಹಿಡಿದು ನಿಲ್ಲಿಸಿದ. ಜಲ್ಲಿ ಗುಂಡಗೆ ಕುಸಿದಿತ್ತು. ಒಂದು ಅಂಚಿನಲ್ಲಿ ಬಾವಿಕಟ್ಟೆಯ ಹಳೇ ಕಲ್ಲು ಕಾಣುತ್ತಿತ್ತು. ಬಾವಿಯ ಮೇಲೇ ಎಂದಿದ್ದ ಗೋಡೆ ಅಲ್ಲಿಂದ ಇಡೀ ಕಾರಿನ ಅಗಲದಷ್ಟು ಆಚೆಗಿತ್ತು.

ಜನರ ನಡುವಿನಿಂದ ಚಿಕ್ಕವೆಂಕಟಮ್ಮ ಒಳಗೆ ಬಂದು ಆ ಕಲ್ಲಿನಾಚೆ ನಿಂತಳು. "ಕಾರು ಬೀದೀಲೇ ಇರ್ಲಿ ಕಣಪ್ಪ ವೆಂಕಟರಾಮಪ್ಪ. ಈ ಶೆಡ್ ನಿಂತಿರೋದು ನನ್ನ ಜಾಗದಲ್ಲಿ."