ದೀಪ ಹಚ್ಚಿದ ಮೇಲಿನ ಹೆಪ್ಪು

ಕಿವಿಹೆಪ್ಪು ಬಂದ ಮೇಲೆ ಧಾರವಾಡದ ಕೂಸುಗಳ ಕಿವಿ ಸೋರುವುದೇ ನಿಂತುಹೋಗಿತ್ತು. ಎಲ್ಲರ ಮನೆಯಲ್ಲೂ ಮೊಸರಿನ ಗಡಿಗೆಯ ಪಕ್ಕ ಅದರದೊಂದು ಕುಡಿಕೆ ಇರುತ್ತಿತ್ತು. ಮಗುವಿನ ಮೂಗಿಗೆ ಒಂದು ಹನಿ ಬಿಟ್ಟರೆ ಸಾಕು, ಅದರೊಳಗಿನ ಒಳ್ಳೆಯ ಜೀವಾಣುಗಳು ಅಲ್ಲೇ ನೆಲೆಸಿ ಕಿವಿಯನ್ನು ಕಾಯುತ್ತಿದ್ದವು. ಅದನ್ನು ಕಂಡುಹಿಡಿದವರಲ್ಲಿ ಒಬ್ಬಳಾದ ವನಮಾಲಾಳ ಮಗಳಿಗೆ ಮಾತ್ರ ಪ್ರಯೋಗಾಲಯದ ಯಾವ ಹೆಪ್ಪೂ ಒಗ್ಗಿರಲಿಲ್ಲ. ಪುಟ್ಟ ಚಿನ್ಮಯಿಯ ಕಿವಿ ಒಣಗಿದಷ್ಟೇ ಬೇಗ ಮತ್ತೆ ಸೋರುತ್ತಿತ್ತು.

ಕೊನೆಗೊಂದು ಸಂಜೆ ವನಮಾಲಾ ಮಗಳನ್ನು ಎತ್ತಿಕೊಂಡು ಪಕ್ಕದ ಮನೆಯ ನೀಲಕ್ಕನ ಬಾಗಿಲಿಗೆ ಹೋದಳು.

“ನಿಮ್ಮನೀದು ಒಂದ್ ಹನಿ ಕಿವಿಹೆಪ್ಪು ಕೊಡ್ರಿ, ನೀಲಕ್ಕ.”

“ದೀಪಾ ಹಚ್ಚೇನವಾ. ಇನ್ನ ಹೆಪ್ಪು ಹೊಸ್ತಿಲಾ ದಾಟಾಂಗಿಲ್ಲ.”

ವನಮಾಲಾಳಿಗೆ ಸಿಟ್ಟು ನೆತ್ತಿಗೇರಿತು. ನೀಲಕ್ಕ ಅದನ್ನು ಲೆಕ್ಕಿಸದೆ ಕೂಸನ್ನು ಒಳಗೆ ಕರೆದೊಯ್ದು, ಮೊಸರನ್ನ ತಿನ್ನುತ್ತಿದ್ದ ಮೊಮ್ಮಗಳು ಪಾರುವಿನ ಪಕ್ಕ ಕೂರಿಸಿದಳು. ಆ ಮನೆಯ ಕಿವಿಹೆಪ್ಪಿನಲ್ಲೇ ಬೆಳೆದ ಪಾರು ತಾನು ಚೀಪಿದ ಚಮಚವನ್ನೇ ಚಿನ್ಮಯಿಯ ಬಾಯಿಗಿಟ್ಟು, ಮೂಗಿಗೆ ಮೂಗು ತಿಕ್ಕಿ ನಕ್ಕಳು.

ತಿಂಗಳು ಕಳೆದರೂ ಕಿವಿ ಸೋರಲಿಲ್ಲ. ಬೆನ್ನ ಹಿಂದೆ ನಿಂತು ಪಿಸುಗುಟ್ಟಿದರೂ ಮಗಳು ತಿರುಗಿ ನೋಡುತ್ತಿದ್ದಳು. ವನಮಾಲಾ ಕಣ್ಣು ತುಂಬಿಕೊಂಡು ಹೇಳಿದಳು, “ನಿಮ್ಮ ಹೆಪ್ಪು ಹತ್ತೇತ್ರಿ, ನೀಲಕ್ಕ.”

“ನಾ ಎಲ್ಲಿ ಕೊಟ್ಟೇನಿ?” ಎಂದಳು ನೀಲಕ್ಕ. “ದೀಪಾ ಹಚ್ಚಾಗಿತ್ತಲ್ಲ.”