ಬಿಸಿಲಿಗಿಟ್ಟ ಸೆಲ್ಲುಗಳು

ಗಡಿಯಾರದ ಹಳೆಯ ಸೆಲ್ ತೆಗೆದಾಗ ಬರುವ ತುಕ್ಕಿನ ವಾಸನೆಯಿಂದ ಈಗಲೂ ಗುಬ್ಬಿ ಊರಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ಅಕ್ಕ ರೇಡಿಯೋದಲ್ಲಿ ಹಾಡುವವಳಿದ್ದಳು. ಅಪ್ಪ ಹೊಸ ಸೆಲ್ ತರಲು ಹೊರಟಾಗ ತಡೆದವನು ನಾನೇ. "ಬ್ಯಾಡಪ್ಪ, ಹಳೇವ್ನೇ ಬೆಳಗ್ಗಿಂದ ಬಿಸಿಲಿಗಿಟ್ಟಿದೀನಿ. ಜೀವ ಬಂದೈತೆ!" ಹೆಂಚಿನ ಮೇಲೆ ಕಾದಿದ್ದ ನಾಲ್ಕನ್ನೂ ಟ್ರಾನ್ಸಿಸ್ಟರಿಗೆ ತುಂಬಿದೆ.

ಅಕ್ಕನ ದನಿ ಚೆನ್ನಾಗಿಯೇ ಬಂತು. ಎರಡನೇ ಚರಣಕ್ಕೆ ಸಣ್ಣಗಾಗಿ ನಿಂತೇಹೋಯಿತು.

"ಏನ್ಲಾ ಇಂಜಿನಿಯರ್ರು, ಮುಳುಗ್ಸಿಬುಟ್ಯಲ್ಲೋ!" ಅಪ್ಪ ಕೈ ಎತ್ತಿದರು.

"ಹೊಡೀಬ್ಯಾಡಿ, ಮಿಕ್ಕಿದ್ದು ನಂಗೆ ಬತ್ತದೆ" ಎಂದಳು ಒಲೆಯ ಮುಂದಿದ್ದ ಅವ್ವ. ಮುದ್ದೆ ತಿರುವುತ್ತಲೇ ಆ ಹಾಡನ್ನು ಕೊನೆಯವರೆಗೂ ಹಾಡಿದಳು. ಅವಳು ಹಾಡಿದ್ದನ್ನು ನಾವ್ಯಾರೂ ಅದುವರೆಗೆ ಕೇಳಿರಲಿಲ್ಲ.

ಅಪ್ಪ ಕೈ ಇಳಿಸಿದರು. "ಇನ್ನೊಂದ್ಸಲ ಹಾಡು" ಎಂದರು.