ಬಾಯಿಗಲ್ಲದ ಗುಳಿಗೆ

“ಆ ಮಾಡು,” ಎಂದರು ಗುರುಲಿಂಗಮ್ಮ. ಒಂದು ಅಂಗೈಯಲ್ಲಿ ಬಿಳಿ ಗುಳಿಗೆ, ಇನ್ನೊಂದು ಕೈಯಲ್ಲಿ ಬಿಸಿನೀರಿನ ತಂಬಿಗೆ. ಅಕ್ಕಲಕೋಟೆಯ ಆ ಮನೆಯಲ್ಲಿ ಯಾರ ಔಷಧವೇ ಆಗಲಿ, ದೇವರ ಮುಂದಿಟ್ಟು ಅವರೇ ಕೈಯಾರೆ ನುಂಗಿಸಬೇಕು.

ಸೊಸೆ ಉಮಾಬಾಯಿ ತುಟಿ ಬಿಗಿದಳು. ಎರಡು ವರ್ಷದ ಬಿಳಿಮುಟ್ಟು. ಕೂತರೂ ತುರಿಕೆ, ನಿಂತರೂ ತುರಿಕೆ. ಹೊಟ್ಟೆನೋವೆಂದು ಅತ್ತೆಗೆ ಸುಳ್ಳು ಹೇಳಿ ಗಂಡನ ಜೊತೆ ಸೊಲ್ಲಾಪುರಕ್ಕೆ ಹೋಗಿ ಬಂದದ್ದು ನಿನ್ನೆ. ಡಾಕ್ಟರಬಾಯಿ ಬೋರಿಕ್ ಪುಡಿ ತುಂಬಿದ ಹದಿನಾಲ್ಕು ಗುಳಿಗೆ ಕೊಟ್ಟು, ಗಂಡನಿಗೂ ಕೇಳುವಂತೆ ಹೇಳಿದ್ದರು: “ಮಲಗೂ ಮುಂದ ಕೆಳಗ, ಒಳಗ ಇಟ್ಕೋಬೇಕು. ತೋಂಡಾತ್ ನಕೊ! ಬಾಯಿಗೆ ಹಾಕ್ಕೊಂಡ್ರ ವಿಷ.”

“ಇದು ನುಂಗೂದಲ್ರಿ, ಅತ್ತಿ.”

“ನುಂಗೂದಲ್ಲಂದ್ರ ಹಣಿಗೆ ಹಚ್ಗೊಳ್ಳೂದೇನ? ಹೊಟ್ಟಿಬ್ಯಾನಿ ಗುಳಿಗಿ ಹೊಟ್ಟಿಗೇ ಹೋಗಬೇಕು.”

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ರಾಜಕುಮಾರಿ ಬಾಯಿ ತೆರೆದರೆ ಮುತ್ತು ಉದುರುತ್ತಿದ್ದವು. ಇಲ್ಲಿ ಮುತ್ತೇ ತುಟಿಯ ಮುಂದೆ ಬಂದು ನಿಂತಿತ್ತು. ಬಾಯಿ ತೆರೆದರೆ ವಿಷ, ಮಾತಾಡಿದರೆ ಮಾನಗೇಡು.

“ಅವರನ್ನ ಕೇಳ್ರಿ,” ಎಂದಳು ಹೇಗೋ. “ಡಾಕ್ಟರಬಾಯಿ ಹೇಳೂ ಮುಂದ ಅಲ್ಲೇ ಕುಂತಿದ್ರು.”

ಪಡಸಾಲೆಯಲ್ಲಿ ಗೆಳೆಯ ಖಂಡಪ್ಪನ ಜೊತೆ ಕೇರಂ ನಡೆದಿತ್ತು. ಸಾತಲಿಂಗಪ್ಪ ಬರಿದಾದ ಪೌಡರ್ ಡಬ್ಬಿ ಹಿಡಿದು ಒಳಗೆ ಬಂದ. ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ನೆಲ ನೋಡಿದ. ಉಮಾಬಾಯಿ ಕಣ್ಣಲ್ಲೇ ಕೈಮುಗಿದಳು. ಒಂದೇ ಒಂದು ಮಾತು, ಅವನಾದರೂ ಆಡಿಯಾನು.

“ಒಲ್ಲೆ ಅಂದ್ರ ಬಿಡಬೇ ಅವ್ವಾ.”

ಅವಳ ಎದೆಯ ಮೇಲಿನ ಕಲ್ಲು ಇಳಿಯಿತು. ಅಷ್ಟರಲ್ಲಿ ಅವನ ಕಣ್ಣು ದೇವರ ಮಾಡದಲ್ಲಿದ್ದ ಪೊಟ್ಟಣಕ್ಕೆ ಹೋಯಿತು.

“ಎಲ್ಲಾ ಇತ್ತ ಕೊಡು. ಬೋರಿಕ್ಕೇ ಅದ, ಬೋರ್ಡಿಗೆ ಆಗ್ತದ. ಖಂಡಪ್ಪ ಕಾಯಾಕತ್ತಾನ.”

“ತೊಗೊಂಡ್ ಹೋಗು,” ಎಂದರು ಗುರುಲಿಂಗಮ್ಮ, ಕೈಯಲ್ಲಿದ್ದುದನ್ನೂ ಕೊಟ್ಟು. “ಸೊಕ್ಕಿನ ಬ್ಯಾನಿಗೆ ಗುಳಿಗಿ ಯಾಕ?”

ಪಡಸಾಲೆಯಲ್ಲಿ ಗುಳಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಉಮಾಬಾಯಿ ತೊಡೆ ಬಿಗಿದು ರೊಟ್ಟಿ ಬಡಿಯಲು ಕೂತಳು.

“ವಾಹ್, ಸಾತಪ್ಪಾ!” ಹೊರಗೆ ಖಂಡಪ್ಪ ಕೂಗಿದ. “ಕಾಯಿ ಏನ್ ನುಣ್ಣಗ ಓಡಾಕತ್ತಾವೋ! ಎಲ್ಲೀದಪಾ ಈ ಪೌಡರು?”

ಸಾತಲಿಂಗಪ್ಪನಿಗೆ ಈಗ ನಾಲಗೆ ಬಂತು.

“ಸೊಲ್ಲಾಪುರದ್ದಪಾ. ಡಾಕ್ಟರ ಮಾಲು!”